ದುರ್ಗದಿಂದ ಗಾಲಿಬಿಯೇ ಘಾಟಿಗೆ

ಆಲ್ಪ್ಸ್ ಸೈಕಲ್ ಸವಾರಿಗೆ ನಕ್ಷೆ ಹರಡಿಕೊಂಡಾಗ ದೂರವನ್ನಲ್ಲ, ಏರನ್ನು ನೋಡಿ. ಈ ಬೇಸಿಗೆಗೆ ನಾನು ಆರಿಸಿಕೊಂಡ ದಾರಿ ಫ್ರಾನ್ಸಿನದು. ಸ್ಯಾಂ ಮಿಶೆಲ್ ಊರಿನಿಂದ ಹೊರಟು, ವಲ್ವಾರ್ ಹಾದು, ಗಾಲಿಬಿಯೇ ಘಾಟಿ ದಾಟಿ ಲಾ ಗ್ರಾವ್ ಹಳ್ಳಿಗೆ ಇಳಿಯುವುದು. ದೂರ ಸುಮಾರು 55 ಕಿ.ಮೀ. ಮಾತ್ರ. ಚಿತ್ರದುರ್ಗದಿಂದ ದಾವಣಗೆರೆಗೂ ಹೆಚ್ಚುಕಡಿಮೆ ಅಷ್ಟೇ, ಆದರೆ ಹೋಲಿಕೆ ಅಲ್ಲಿಗೇ ಮುಗಿಯಿತು.

ಮೊದಲ 12 ಕಿ.ಮೀ. ಟೆಲಿಗ್ರಾಫ್ ಘಾಟಿಯ ಏರು, ಸಮುದ್ರಮಟ್ಟದಿಂದ 1,566 ಮೀಟರ್‌ಗೆ. ವಲ್ವಾರ್‌ಗೆ 5 ಕಿ.ಮೀ. ಇಳಿಜಾರು. ಬಾಟಲಿಗಳಿಗೆ ಅಲ್ಲಿಯೇ ನೀರು ತುಂಬಿಸಿಕೊಳ್ಳಿ. ಮುಂದಿನ 18 ಕಿ.ಮೀ. 2,642 ಮೀಟರ್‌ವರೆಗೆ ಏರುತ್ತದೆ, ಕೊನೆಯ 8 ಕಿ.ಮೀ. ಅತಿ ಕಡಿದು. ಒಟ್ಟು ಏರು ಸುಮಾರು 2,100 ಮೀಟರ್.

ಸಮಯದ ಲೆಕ್ಕವನ್ನು ಊರಿನಲ್ಲೇ ಮಾಡಿ. ಚಿತ್ರದುರ್ಗದ ಜೋಗಿಮಟ್ಟಿ ಏರಿನಲ್ಲಿ ಗಡಿಯಾರ ಹಿಡಿದು ನೋಡಿದ್ದೇನೆ: ಗಂಟೆಗೆ 600 ಮೀಟರ್ ಎತ್ತರ ನನ್ನ ಮಿತಿ. ಅಂದರೆ ಏರಿಗೇ ಮೂರೂವರೆ ಗಂಟೆ. ದಣಿವಿಗೆ ಇನ್ನೊಂದು ಗಂಟೆ ಸೇರಿಸಿ. ಬೆಳಿಗ್ಗೆ ಏಳಕ್ಕೆ ಹೊರಡಲೇಬೇಕು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಅಲ್ಲಿ ಗುಡುಗುಮಳೆ ಸಾಮಾನ್ಯ.

ಮುಂದೆ 34 ಹಲ್ಲು, ಹಿಂದೆ 32 ಹಲ್ಲು ಇರುವ ಗೇರ್ ಹಾಕಿಸಿ. ಆಗ ಗಂಟೆಗೆ 8 ಕಿ.ಮೀ. ವೇಗದಲ್ಲೂ ನಿಮಿಷಕ್ಕೆ 60 ಸುತ್ತು ಪೆಡಲ್ ತುಳಿಯಬಹುದು, ಮಂಡಿ ಉಳಿಯುತ್ತದೆ.

ನಮ್ಮ ಬಿಸಿಲಿಗೆ ಒಗ್ಗಿದವರು ಮರೆಯುವುದು ಚಳಿಯನ್ನು. ತುದಿಯಲ್ಲಿ ಬುಡಕ್ಕಿಂತ ಸುಮಾರು 12 ಡಿಗ್ರಿ ಕಡಿಮೆ. ಬೆವರಿದ ಮೈಯಲ್ಲಿ ಇಳಿದರೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲಾಗದು. ಪೂರ್ಣ ಕೈಗವಸು, ಗಾಳಿ ತಡೆಯುವ ಜಾಕೆಟ್ ಜೇಬಿನಲ್ಲಿರಲಿ, ಜೊತೆಗೆ ಶೇಂಗಾ ಚಿಕ್ಕಿ. ಚಳಿಗಾಲದಲ್ಲಿ ಹಿಮದಿಂದ ಘಾಟಿ ಮುಚ್ಚಿರುತ್ತದೆ. ಜುಲೈಗೆ ಮುಂಚಿನ ದಿನಗಳಿಗೆ ಟಿಕೆಟ್ ಮಾಡಿಸುವುದು ಬೇಡ.