ಮಳೆಗಾಲದಲ್ಲಿ ಗುರಿ ತಪ್ಪುವ ರೈಫಲ್‌ಗೆ ಬೆಡ್ಡಿಂಗ್

ತೋಟಕ್ಕೆ ನುಗ್ಗುವ ಕಾಡುಹಂದಿಯನ್ನು ಪರವಾನಗಿದಾರರಿಂದ ಹೊಡೆಸಲು ಕೇರಳದಲ್ಲಿ 2022ರಿಂದ ಪಂಚಾಯತ್ ಅಧ್ಯಕ್ಷರೇ ಅಪ್ಪಣೆ ಕೊಡಬಹುದು. ಅಪ್ಪಣೆ ಸಿಕ್ಕಿದರೂ ಗುಂಡು ತಾಗಬೇಕಲ್ಲ! ಬೇಸಿಗೆಯಲ್ಲಿ ನೆಟ್ಟಗೆ ಹೊಡೆಯುತ್ತಿದ್ದ ರೈಫಲ್ ಆಟಿಯ ಮಳೆಯಲ್ಲಿ ಒಂದು ಗೇಣು ಆಚೆ ಹೊಡೆದರೆ ನಿಮ್ಮ ಕಣ್ಣನ್ನೇ ದೂರಬೇಡಿ. ಕಾಸರಗೋಡಿನ ಮಳೆಗೆ ಮನೆಯ ಬಾಗಿಲು ಉಬ್ಬಿ ದಾರಂದಕ್ಕೆ ಕಚ್ಚಿಕೊಳ್ಳುವಂತೆ ರೈಫಲಿನ ಕಬ್ಬಿಣ ಕೂರುವ ಮರದ ಹಿಡಿ, ಅಂದರೆ ಸ್ಟಾಕ್ ಕೂಡ ತೇವ ಹೀರಿ ನಳಿಗೆಯನ್ನು ಒತ್ತುತ್ತದೆ. ಕಬ್ಬಿಣಕ್ಕೂ ಮರಕ್ಕೂ ನಡುವಿನ ಸಂದಿಗೆ ಎಪಾಕ್ಸಿ (ಕಲ್ಲಿನಂತೆ ಗಟ್ಟಿಯಾಗುವ ಅಂಟು) ತುಂಬಿ, ಪ್ರತಿ ಹೊಡೆತದ ನಂತರವೂ ಕಬ್ಬಿಣ ಮರದೊಳಗೆ ಅದೇ ಜಾಗದಲ್ಲಿ ಕೂರುವಂತೆ ಮಾಡುವ ಕೆಲಸವೇ ಬೆಡ್ಡಿಂಗ್. ಛರ್ರೆ ಹೊಡೆಯುವ ಒಂಟಿ ನಳಿಗೆಯ ಬೆಡಿಗೆ ಇದರ ಗೊಡವೆ ಬೇಡ.

ದುಡ್ಡು ಕೊಡುವ ಮೊದಲು ಮನೆಯಲ್ಲೇ ಪರೀಕ್ಷಿಸಿ. ಗುಂಡು ತೆಗೆದು, ಗುಂಡು ಕೂರುವ ಚೇಂಬರ್ ಖಾಲಿಯೇ ಎಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಖಚಿತಪಡಿಸಿಕೊಳ್ಳಿ. ನಳಿಗೆ ಮರಕ್ಕೆ ತಾಗದಂತೆ ಮಾಡಿದ ರೈಫಲ್ ಆದರೆ ಹತ್ತು ರೂಪಾಯಿಯ ನೋಟನ್ನು ನಳಿಗೆಯ ಕೆಳಗೆ ತೂರಿಸಿ ಹಿಂದಕ್ಕೆ ಎಳೆಯಿರಿ. ನನ್ನದರಲ್ಲಿ ಮೇ ತಿಂಗಳಲ್ಲಿ ಸರಾಗವಾಗಿ ಜಾರಿದ ನೋಟು ಜುಲೈಯಲ್ಲಿ ಅರ್ಧಕ್ಕೇ ನಿಂತಿತು. ಇನ್ನೂ ಎಳೆದಿದ್ದರೆ ಹರಿಯುತ್ತಿತ್ತು.

ಮುಂದೆ, ಸ್ಟಾಕಿನ ತುದಿಯೂ ನಳಿಗೆಯೂ ಸೇರುವಲ್ಲಿ ಹೆಬ್ಬೆರಳಿಟ್ಟು, ಕಬ್ಬಿಣವನ್ನು ಮರಕ್ಕೆ ಬಿಗಿದ ತಿರುಪುಗಳಲ್ಲಿ ಮುಂದಿನದನ್ನು ಮೆಲ್ಲಗೆ ಸಡಿಲಿಸಿ. ನಳಿಗೆ ಅಲುಗಿದ್ದು ಬೆರಳಿಗೆ ತಿಳಿದರೆ ಕಬ್ಬಿಣ ಬಿಗಿತದಲ್ಲಿ ಬಾಗಿ ಕೂತಿದೆ ಎಂದರ್ಥ. ಅಲುಗದಿದ್ದರೆ ಗುರಿ ನೋಡುವ ದುರ್ಬೀನು (ಸ್ಕೋಪ್) ಸಡಿಲವಾಗಿದೆಯೇ, ನಳಿಗೆಯ ಬಾಯಿ ಜಜ್ಜಿದೆಯೇ, ಗುಂಡಿನ ಕಂಪನಿ ಬದಲಾಯಿತೇ ನೋಡಿ. ಸಡಿಲ ತಿರುಪಿಗೆ ಎಪಾಕ್ಸಿ ಮದ್ದಲ್ಲ.

ರಿಪೇರಿಯವರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಇರಲೇಬೇಕು. ಊರಿನ ಲೇತ್ ಅಂಗಡಿ, ಅವನೆಷ್ಟೇ ಜಾಣನಾದರೂ, ಬೇಡ. ನಿಮ್ಮ ಲೈಸೆನ್ಸ್ ಜೊತೆಗೊಯ್ಯಿರಿ, ರೈಫಲಿನ ನಂಬರು ಬರೆದ ರಶೀದಿ ಪಡೆಯಿರಿ.

ಆಮೇಲೆ ಕೇಳಬೇಕಾದದ್ದು ರಿಕಾಯಿಲ್ ಲಗ್ ಬಗ್ಗೆ. ಹಿಂದೊದೆತವನ್ನು ಮರಕ್ಕೆ ದಾಟಿಸುವ ಈ ಕಬ್ಬಿಣದ ಗಟ್ಟಿಯ ಹಿಂಬದಿ ಮಾತ್ರ ಎಪಾಕ್ಸಿಗೆ ಒರಗಬೇಕು. ಮುಂದೆ, ಪಕ್ಕ, ಅಡಿಗೆ ಟೇಪ್ ಸುತ್ತಿ ಸಂದು ಬಿಡುವಿರಾ ಎಂದು ಕೇಳಿ, ತಡವರಿಸಿದರೆ ಹೊರಟುಬಿಡಿ. ಕಬ್ಬಿಣಕ್ಕೆ ಅಂಟದಂತೆ ಏನು ಸವರುತ್ತೀರಿ, ತಿರುಪಿನ ತೂತಿಗೆ ಅಲ್ಯೂಮಿನಿಯಂ ಕೊಳವೆ ಕೂರಿಸುತ್ತೀರಾ, ಕೆತ್ತಿದ ಮರದ ಒಳಮೈಗೆ ವಾರ್ನಿಷ್ ಉಂಟಾ ಎಂದೂ ವಿಚಾರಿಸಿ. ನಮ್ಮ ಮಳೆಗೆ ಕೊನೆಯದ್ದು ಬಲು ಮುಖ್ಯ. ಎಪಾಕ್ಸಿ ಗಟ್ಟಿಯಾಗಲು ಸಾಮಾನ್ಯವಾಗಿ ಒಂದು ದಿನವಾದರೂ ಬೇಕು, ಅವಸರ ಮಾಡಬೇಡಿ.

ಕೊಡುವ ಮೊದಲೊಮ್ಮೆ, ಪಡೆದ ಮೇಲೊಮ್ಮೆ, ಅಧಿಕೃತ ರೇಂಜಿನಲ್ಲಿ ಮರಳಿನ ಚೀಲದ ಮೇಲಿಟ್ಟು ಅದೇ ದೂರಕ್ಕೆ, ಅದೇ ಕಂಪನಿಯ ಐದೈದು ಗುಂಡು ಹೊಡೆದು ಹಾಳೆಗಳನ್ನು ಹೋಲಿಸಿ. ತೂತುಗಳು ಹತ್ತಿರ ಬಂದಿದ್ದರೂ ಜಾಗ ಬದಲಾಗಿರಬಹುದು. ಆಗ ಗುರಿ ನೋಡುವ ಸೈಟನ್ನು ಹೊಸದಾಗಿ ಹೊಂದಿಸಿಕೊಳ್ಳಿ.