ಮನೆ ಖರ್ಚಿನ ಲೆಕ್ಕದಲ್ಲೇ ಕಾದಂಬರಿ ಬರೆದೆ

ನಾನೇ ಅಚ್ಚು ಹಾಕಿಸಿದ ಕಾದಂಬರಿಯ ಐದುನೂರು ಪ್ರತಿಗಳಲ್ಲಿ ಈಗ ಮಂಚದ ಕೆಳಗೆ ಉಳಿದಿರುವುದು ನೂರೈವತ್ತರ ಸುಮಾರು. "ಇದು ಕಾದಂಬರಿಯೋ ದಿನಸಿ ಚೀಟಿಯೋ" ಅಂತ ಹಸ್ತಪ್ರತಿ ವಾಪಸ್ ಕೊಟ್ಟಿದ್ದ ಹಿರಿಯರೇ ಮೊನ್ನೆ ಎರಡು ಪ್ರತಿ ತರಿಸಿಕೊಂಡರು, ಅದೂ ದುಡ್ಡು ಕೊಟ್ಟು. ಹಾಗಾಗಿ ಅದನ್ನು ಹೇಗೆ ಬರೆದೆ ಅಂತ ಈಗ ಹೇಳಬಹುದು.

ಕಥೆ ಅಂಥ ಹೊಸದೇನಲ್ಲ. ಶಿವಮೊಗ್ಗದಲ್ಲಿ ಒಬ್ಬಳು ಬ್ಯಾಂಕ್ ಕ್ಲರ್ಕ್. 2000-01ರಲ್ಲಿ ಸರ್ಕಾರಿ ಬ್ಯಾಂಕುಗಳಲ್ಲಿ ಸ್ವಯಂ ನಿವೃತ್ತಿ, ಅಂದರೆ ವಿಆರ್‌ಎಸ್ ಬಂತಲ್ಲ, ಹದಿನೈದು ವರ್ಷ ಸರ್ವೀಸ್ ಆಗಿದ್ದವರು ಇಲ್ಲವೇ ನಲವತ್ತು ತುಂಬಿದವರು ತಗೋಬಹುದಿತ್ತು, ಆಗ ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳಲಿ ಅಂತ ಮನೆಯವರೆಲ್ಲ ಸೇರಿ ಇವಳಿಂದ ಅರ್ಜಿ ಹಾಕಿಸುತ್ತಾರೆ. ಮೂರು ವರ್ಷಕ್ಕೆ ಅತ್ತೆ ತೀರಿಕೊಳ್ಳುತ್ತಾರೆ. ಇವಳಿಗೆ ನಲವತ್ತೈದು. ಮುಂದೇನು?

ಮೊದಲ ಸಲ ಎಲ್ಲರ ಹಾಗೇ ಬರೆದೆ. ಮಳೆ, ಕಿಟಕಿ, ಕಣ್ಣೀರು, ಹಳೇ ನೆನಪು. ಒಬ್ಬ ಪ್ರಕಾಶಕರು ವರ್ಷದ ಹತ್ತಿರ ಇಟ್ಟುಕೊಂಡು, ಅರವತ್ತು ಸಾವಿರ ನೀವೇ ಹಾಕಿ ಅಂದರು. ಆಮೇಲೆ ಗೆಳತಿಯರ ವಾಟ್ಸಾಪ್ ಗ್ರೂಪಿನಲ್ಲಿ ಕಂತು ಹಾಕಿ ನೋಡಿದೆ. ಐದನೇ ಕಂತಿಗೇ ಅವಳ ಗಂಡನನ್ನು ಒಳ್ಳೆಯವನನ್ನಾಗಿ ಮಾಡಿ ಅಂತ ಒತ್ತಾಯ ಶುರುವಾಯಿತು, ನಿಲ್ಲಿಸಿಬಿಟ್ಟೆ. ಅಡುಗೆ ಮಾಡುತ್ತಾ ಫೋನಿಗೆ ಹೇಳಿ ಬರೆಸುವ ಪ್ರಯೋಗವೂ ಆಯಿತು. ಮಿಕ್ಸಿ, ಕುಕ್ಕರ್ ಸದ್ದಿನಲ್ಲಿ ಅದು ಏನೇನೋ ಬರೆದುಕೊಂಡಿತು. ಆದರೆ ಸಂಭಾಷಣೆಗೆ ಅದು ಪರವಾಗಿಲ್ಲ, ಮಾತಾಡಿದ ಹಾಗೇ ಬರುತ್ತೆ. ಈಗಲೂ ಅಷ್ಟಕ್ಕೆ ಮಾತ್ರ ಬಳಸುತ್ತೇನೆ.

ಕೊನೆಗೆ ಮಾಡಿದ್ದು ಇಷ್ಟೇ. ಪ್ರತಿ ಅಧ್ಯಾಯದ ತಲೆಯ ಮೇಲೆ ಅವಳ ಮನೆ ಖರ್ಚಿನ ನಾಲ್ಕು ಸಾಲು. ದುಃಖ, ಬೇಸರ, ಒಂಟಿತನ ಈ ಮೂರು ಪದ ಇಡೀ ಪುಸ್ತಕದಲ್ಲಿ ಬರಬಾರದು ಅಂತ ನಾನೇ ಹಾಕಿಕೊಂಡ ಕಟ್ಟು. ಅತ್ತೆ ಹೋದ ಮೇಲೂ ಲೆಕ್ಕದಲ್ಲಿ ಹಾಲು ಒಂದೂವರೆ ಲೀಟರೇ ಇರುತ್ತೆ. ಅತ್ತೆಯ ಪಾಲಿನ ಅರ್ಧ ಲೀಟರಿಗೆ ದಿನಾ ಹೆಪ್ಪು ಹಾಕುತ್ತಾಳೆ, ಮೊಸರು ಹುಳಿಯಾಗುತ್ತೆ, ಗಂಡ "ಹೇಗೂ ಇದೆಯಲ್ಲ, ಮಜ್ಜಿಗೆಹುಳಿ ಮಾಡು" ಅಂತಾನೆ. ತಿಂಗಳ ಕೊನೆಗೆ ಹಾಲಿನವನೇ ಕೇಳುತ್ತಾನೆ, "ಅಮ್ಮಾ, ನಾಳೆಯಿಂದ ಒಂದೇ ಲೀಟರ್ ಹಾಕ್ಲಾ?" ಅಧ್ಯಾಯ ಅಲ್ಲಿಗೆ ಮುಗಿಯಿತು. ಈ ಒಂದು ಪುಟಕ್ಕೆ ಬಂದಷ್ಟು ಫೋನ್ ನನ್ನ ಹಿಂದಿನ ಎಲ್ಲ ಕಥೆಗಳಿಗೂ ಸೇರಿ ಬಂದಿಲ್ಲ.

ಪ್ರೀತಿಯ ಭಾಗವೂ ಲೆಕ್ಕದಲ್ಲೇ ಇದೆ. ಅಲ್ಲಲ್ಲಿ ಬಸ್ ಚಾರ್ಜು ಅಂತಷ್ಟೇ ಇರುತ್ತೆ, ಎಲ್ಲಿಗೆ ಹೋದಳು ಅಂತ ಬರೆದಿಲ್ಲ. ಆದರೂ ಓದುವವರಿಗೆ ಎಲ್ಲಿಗೆ ಅಂತ ಗೊತ್ತಾಗುವ ಹಾಗೆ ಮಾಡಿದ್ದೇನೆ. ಹೇಗೆ ಅನ್ನೋದನ್ನು ಹೇಳಲ್ಲ, ಮುಂದಿನ ಪುಸ್ತಕಕ್ಕೂ ಬೇಕು.

ಡಿಟಿಪಿಯಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವುದರಲ್ಲಿ, ಪ್ರಾಣ ಹೋಯಿತು. ಟೈಪ್ ಮಾಡಿದ ಯೂನಿಕೋಡ್ ಅಕ್ಷರಗಳನ್ನು ನುಡಿ ಫಾಂಟಿಗೆ ಬದಲಿಸಿ ಪೇಜ್‌ಮೇಕರಿಗೆ ಹಾಕಿದಾಗ ಲೆಕ್ಕದ ಸಾಲೆಲ್ಲ ಜರುಗಿ ಸೊಪ್ಪಿನ ದುಡ್ಡು ಔಷಧಿಯ ಎದುರು ಕೂತಿತ್ತು. ಕರಡು ನೋಡಿ ನೋಡಿ ಕಣ್ಣು ಉರಿ. ಪುಸ್ತಕದ ಅಳತೆ ಡೆಮಿ 1/8, ಇನ್ನೂರು ಪುಟದ ಒಳಗೆ. ಡಿಟಿಪಿಗೆ ಏಳೆಂಟು ಸಾವಿರ, ಮುಖಪುಟಕ್ಕೆ ನಾಲ್ಕು, ಅಚ್ಚು ಮತ್ತು ಬೈಂಡಿಂಗಿಗೆ ನಲವತ್ತರ ಹತ್ತಿರ. ಪುಸ್ತಕದ ಗುರುತಿನ ಸಂಖ್ಯೆ, ಅಂದರೆ ಐಎಸ್‌ಬಿಎನ್‌ಗೆ ಸರ್ಕಾರ ದುಡ್ಡು ತಗೊಳ್ಳಲ್ಲ, ಅದಕ್ಕೂ ಸಾವಿರಾರು ಕೇಳುವವರಿದ್ದಾರೆ, ಕೊಡಬೇಡಿ. ಪುಸ್ತಕದ ಅಂಗಡಿಯವರು ನೂರಕ್ಕೆ ನಲವತ್ತು ಹಿಡಿದುಕೊಳ್ಳುತ್ತಾರೆ, ಕೊಡುವುದೂ ಆರು ತಿಂಗಳ ಮೇಲೆ. ಹಾಗಾಗಿ ಜಾಸ್ತಿ ಪ್ರತಿ ನಾನೇ ಅಂಚೆಯಲ್ಲಿ ಕಳಿಸಿದೆ. ಹಾಕಿದ ದುಡ್ಡು ಬಂತು, ಮೇಲೆ ಹತ್ತು ಸಾವಿರದಷ್ಟು ಉಳಿಯಿತು.

ಪಿಡಿಎಫ್ ಕೇಳಬೇಡಿ ದಯವಿಟ್ಟು.