ಯೋಧೆಯ ಕವಚವನ್ನು ಒಳಪದರದಿಂದ ಬಿಡಿಸುವುದು ಹೇಗೆ

ಫ್ಯಾಂಟಸಿ ಕಥೆಗಳಿಗೆ ಚಿತ್ರ ಬರೆಯುವುದು ನನ್ನ ವೃತ್ತಿ. ಯೋಧನ ಚಿತ್ರ ಬೇಕಾದಾಗ ನನಗೆ ಬರುವ ಸೂಚನೆ ‘ಉಕ್ಕಿನ ಕವಚ’ ಎಂಬಲ್ಲಿಗೆ ಮುಗಿಯುತ್ತದೆ. ಯೋಧೆಯಾದರೆ ಹೊಟ್ಟೆ ಕಾಣಬೇಕು, ಎದೆಗೆ ಎರಡು ಬಟ್ಟಲಿನ ಆಕಾರ ಬೇಕು ಎಂಬ ಬೇಡಿಕೆಗಳು ಸೇರಿಕೊಳ್ಳುತ್ತವೆ. ಇದು ನನಗೆ ಸಿಟ್ಟು ತರಿಸುತ್ತದೆ. ಕಥೆಯಲ್ಲಿ ಅವಳು ಪ್ರಾಣ ಒತ್ತೆಯಿಟ್ಟು ಹೋರಾಡುತ್ತಾಳೆ. ಅವಳ ಉಡುಪು ಅದನ್ನು ನಂಬುವುದೇ ಇಲ್ಲ.

ಪೆನ್ಸಿಲ್ ಹಿಡಿಯುವ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ಅವಳ ಮೇಲೆ ಬೀಳುವ ಏಟು ಯಾವುದು, ಎಲ್ಲಿಂದ? ಕುದುರೆಯ ಮೇಲಿದ್ದರೆ ಕಾಲಾಳಿನ ಈಟಿ ಕೆಳಗಿನಿಂದ ಬರುತ್ತದೆ. ಕೋಟೆಗೆ ಏಣಿ ಹಾಕಿ ಹತ್ತುತ್ತಿದ್ದರೆ ಕಲ್ಲು ತಲೆಯ ಮೇಲೆ ಬೀಳುತ್ತದೆ. ಕವಚದ ದಪ್ಪ ಎಲ್ಲಿ ಹೆಚ್ಚಬೇಕು, ಎಲ್ಲಿ ಇಳಿಯಬೇಕು ಎಂಬುದು ಅಲ್ಲಿಗೇ ಬಹುಮಟ್ಟಿಗೆ ತೀರ್ಮಾನವಾಗುತ್ತದೆ.

ಆಮೇಲೆ ಒಳಂಗಿ. ಲೋಹವನ್ನು ಯಾರೂ ಬರಿ ಮೈಗೆ ತೊಡುವುದಿಲ್ಲ. ಪದರ ಪದರವಾಗಿ ಹೊಲಿದ, ಒಳಗೆ ಹತ್ತಿಯನ್ನೋ ಉಣ್ಣೆಯನ್ನೋ ತುಂಬಿದ ದಪ್ಪ ಅಂಗಿ ಕೆಳಗಿರುತ್ತದೆ. ಕತ್ತಿಯ ಅಲಗನ್ನು ಉಕ್ಕು ತಡೆದರೂ ಏಟಿನ ಪೆಟ್ಟನ್ನು ಹೀರಿಕೊಳ್ಳುವುದು ಈ ಅಂಗಿಯೇ. ಯುರೋಪಿನ ಕವಚಗಳಲ್ಲಿ ತೋಳು, ಕಾಲುಗಳ ತಗಡುಗಳನ್ನು ಇದರ ಕಸೆಗಳಿಗೆ ಕಟ್ಟುತ್ತಿದ್ದರು. ಇದನ್ನು ಮೊದಲು ಬಿಡಿಸಿ ನೋಡಿ. ಎದೆಗೆ ಬಿಗಿಯಾದ ಪಟ್ಟಿ ಕಟ್ಟಿ ಅದರ ಮೇಲೆ ಇಂಥ ಅಂಗಿ ತೊಟ್ಟರೆ ಹೆಣ್ಣಿನ ಮೈಯ ಉಬ್ಬುತಗ್ಗು ಬಹುಪಾಲು ಮರೆಯಾಗುತ್ತದೆ. ಬಟ್ಟಲಿನ ಆಕಾರಕ್ಕೆ ಕಾರಣವೇ ಉಳಿಯುವುದಿಲ್ಲ.

ಎದೆಗವಚದ ಬಗ್ಗೆ ನಾನು ಹಟಮಾರಿ. ಒಳ್ಳೆಯ ಎದೆಗವಚ ನಡುವೆ ಉಬ್ಬಿ ಎರಡೂ ಪಕ್ಕಕ್ಕೆ ಇಳಿಜಾರಾಗಿರುತ್ತದೆ. ಮೊನೆ ತಾಗಿದರೆ ಜಾರಿ ಹೊರಗೆ ಹೋಗಬೇಕು. ಎರಡು ಬಟ್ಟಲುಗಳಿದ್ದರೆ ಅವುಗಳ ಒಳ ಇಳಿಜಾರು ಮೊನೆಯನ್ನು ನೇರವಾಗಿ ನಡುವಿನ ಕಣಿವೆಗೆ, ಅಂದರೆ ಎದೆಮೂಳೆಯ ಕಡೆಗೆ ತಳ್ಳುತ್ತದೆ. ಅದರ ಹಿಂದೆ ಇರುವುದು ಹೃದಯ. ಗಂಡಸರ ಕವಚವೂ ಮೈಗೆ ಅಂಟಿಕೊಂಡಿರಲಿಲ್ಲ: 16ನೆಯ ಶತಮಾನದ ಎದೆಗವಚಗಳು ಮೈಯಿಂದ ದೂರಕ್ಕೆ ಗುಂಡಗೆ ಉಬ್ಬಿ, ಒಳಗೆ ಧಾರಾಳ ಜಾಗ ಬಿಡುತ್ತಿದ್ದವು. ಅದೇ ಉಬ್ಬಿನಲ್ಲಿ ಹೆಣ್ಣಿನ ಎದೆಗೂ ಜಾಗವಿದೆ. ನೀವು ಬದಲಿಸಬೇಕಾದದ್ದು ಅಳತೆ: ಭುಜದ ಅಗಲ ಕಡಿಮೆ ಮಾಡಿ, ಸೊಂಟದ ಗೆರೆಯನ್ನು ಅವಳ ನಡುವಿಗೆ ಸರಿಯಾಗಿ ಕೂರಿಸಿ, ಕೆಳಗಿನ ತಗಡುಪಟ್ಟಿಗಳನ್ನು ಸೊಂಟಮೂಳೆಯ ಮೇಲೆ ಇನ್ನಷ್ಟು ಅಗಲಿಸಿ.

ಸೊಂಟದ ಗೆರೆ ಅಂದಕ್ಕಾಗಿ ಇರುವುದಲ್ಲ. ಪೂರ್ಣ ಉಕ್ಕಿನ ಕವಚದ ತೂಕ ಸಾಮಾನ್ಯವಾಗಿ 20ರಿಂದ 25 ಕಿಲೋ. ಅದಷ್ಟೂ ಹೆಗಲ ಮೇಲೆ ಬಿದ್ದರೆ ಬೇಗ ಸುಸ್ತಾಗುತ್ತದೆ. ಮೈಯ ತುಂಬ ಹಂಚಿದರೆ ಓಡಬಹುದು, ಬಿದ್ದು ಏಳಬಹುದು. ಉಕ್ಕಿನ ಬಳೆಗಳನ್ನು ಹೆಣೆದ ಅಂಗಿಯಾದರೆ ಸೊಂಟಕ್ಕೆ ಬಿಗಿಯಾದ ಪಟ್ಟಿಯೊಂದನ್ನು ಬಿಡಿಸಿ, ಅದರ ಮೇಲೆ ಅಂಗಿ ಸ್ವಲ್ಪ ಜೋತುಬಿದ್ದಿರಲಿ. ಹೆಗಲಿನ ಭಾರದ ಒಂದು ಪಾಲು ಸೊಂಟಕ್ಕೆ ಇಳಿದಿದೆ ಎಂಬುದು ನೋಡುವವರಿಗೆ ತಿಳಿಯುತ್ತದೆ.

ಇನ್ನು ಸಂದುಗಳು. ಕಂಕುಳು, ತೊಡೆಸಂದು, ಕತ್ತು: ದೊಡ್ಡ ರಕ್ತನಾಳಗಳು ಹಾಯುವ ಜಾಗಗಳಿವು. ಕಂಕುಳು, ತೊಡೆಸಂದುಗಳಲ್ಲಿ ಗಟ್ಟಿ ತಗಡು ಕೂರದ ಕಾರಣ ಬಳೆಹೆಣಿಗೆಯ ತುಂಡುಗಳನ್ನು ಒಳಂಗಿಗೆ ಹೊಲಿಯುತ್ತಿದ್ದರು. ಇಂಗ್ಲಿಷರ ವಿರುದ್ಧ ಫ್ರೆಂಚ್ ಸೈನ್ಯದೊಂದಿಗೆ ಹೋರಾಡಿದ ಯುವತಿ ಜೋನ್ ಆಫ್ ಆರ್ಕ್‌ಗೆ 1429ರಲ್ಲಿ ಫ್ರಾನ್ಸಿನ ತೂರ್ ನಗರದಲ್ಲಿ ಕವಚ ಮಾಡಿಸಿದರು. ಅದೇ ವರ್ಷ ಮೇ ತಿಂಗಳಲ್ಲಿ ಓರ್ಲೆಯಾನ್‌ನಲ್ಲಿ ಅವಳಿಗೆ ಬಾಣ ನಾಟಿದ್ದು ಕತ್ತು ಮತ್ತು ಭುಜದ ನಡುವೆ. ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಗೋಡೆಯ ಬಳಿ ತೊಡೆಗೆ. ನಿಮ್ಮ ಯೋಧೆಯ ಕತ್ತು ತೆರೆದಿದ್ದರೆ ಈ ಗಾಯವನ್ನು ನೆನೆದು ಕಂಠಕವಚ ಸೇರಿಸಿ.

ಕೂದಲನ್ನು ಹೆಣೆದು ಶಿರಸ್ತ್ರಾಣದ ಮೆತ್ತೆಯೊಳಗೆ ಸೇರಿಸಿ. ಹಾರಾಡುವ ಜಡೆ ಶತ್ರುವಿನ ಕೈಗೆ ಹಿಡಿ. ಎತ್ತರದ ಹಿಮ್ಮಡಿ ಬೇಡ.

ಚೆಂದವೇ ಬೇಡವೆಂದು ನಾನು ಹೇಳುತ್ತಿಲ್ಲ. ಕವಚ ಮಾಡುವವರು ಶತಮಾನಗಳ ಕಾಲ ಚೆಂದಕ್ಕಾಗಿ ಬೆವರು ಸುರಿಸಿದ್ದಾರೆ: ಆಮ್ಲದಿಂದ ಕೊರೆದ ಬಳ್ಳಿಗಳು, ಚಿನ್ನದ ಲೇಪ, ಕಾಯಿಸಿ ತಂದ ನೀಲಿ ಬಣ್ಣ. 16ನೆಯ ಶತಮಾನದ ಆರಂಭದ ಜರ್ಮನ್ ಕವಚಗಳ ಮೇಲಿನ ಸಾಲು ಸಾಲು ಏಣುಗಳಂತೂ ನನಗೆ ಅತಿ ಪ್ರಿಯ. ಅವು ಕಣ್ಣಿಗೂ ಹಿತ, ತೆಳು ತಗಡಿಗೂ ಬಲ. ಮೇಲೊಂದು ಬಣ್ಣದ ಹೊದಿಕೆಯಂಗಿ, ಮನೆತನದ ಲಾಂಛನ, ತುರಾಯಿ ಇದ್ದರೆ ಅವಳು ಯಾರೆಂದು ದೂರದಿಂದಲೇ ಗೊತ್ತಾಗುತ್ತದೆ.

‘ಅವಳನ್ನು ಮಾಯಾಶಕ್ತಿ ಕಾಯುತ್ತದೆ’ ಎನ್ನುವ ಲೇಖಕರಿಗೆ ನನ್ನ ಉತ್ತರ: ಹಾಗಾದರೆ ಉಕ್ಕನ್ನೇ ತೆಗೆಯೋಣ, ಅದೇ ನಿಯಮ ಅವಳ ಪಕ್ಕದ ಗಂಡು ಸೈನಿಕನಿಗೂ ಇರಲಿ. ಇಬ್ಬರನ್ನೂ ಒಂದೇ ಹಾಳೆಯಲ್ಲಿ ಬಿಡಿಸಿ, ತಲೆಗಳನ್ನು ಕೈಯಿಂದ ಮುಚ್ಚಿ ನೋಡಿ. ಒಂದೇ ಸೈನ್ಯದವರೆಂದು ಅನ್ನಿಸದಿದ್ದರೆ ಕರಡನ್ನು ಬದಿಗಿಡಿ.

ಕೊನೆಯಲ್ಲಿ ಮೂರು ಭಂಗಿಗಳು: ಎರಡೂ ಕೈ ಮೇಲೆತ್ತಿದ್ದು, ಮೊಣಕಾಲೂರಿದ್ದು, ಕುದುರೆ ಏರುತ್ತಿರುವುದು. ಎಲ್ಲಿ ತಗಡು ತಗಡಿಗೆ ಬಡಿಯುತ್ತದೋ ಅಲ್ಲಿ ಕೀಲು ಸೇರಿಸಿ. ಬೆನ್ನಿನ ನೋಟವನ್ನು ಖಂಡಿತ ಬಿಡಿಸಿ, ಪಟ್ಟಿಗಳೂ ಬಕಲುಗಳೂ ಎಲ್ಲೆಲ್ಲಿವೆ ಎಂದು ಗುರುತಿಸಿ. ಅವಳಿಗೆ ತೊಡಿಸಲು ಪರಿಚಾರಕರಿದ್ದರೆ ಅವು ಬೆನ್ನಿನಲ್ಲಿರಬಹುದು. ಕಾಡಿನಲ್ಲಿ ಒಬ್ಬಳೇ ಅಲೆಯುವವಳಾದರೆ ಅವಳ ಕೈಗೆ ಎಟಕುವಂತೆ ಎಲ್ಲವನ್ನೂ ಪಕ್ಕೆಗೆ ತನ್ನಿ.